ಊರನ್ನು ಒಗ್ಗೂಡಿಸುವ ಅನುದಾನ: ಅಮೆರಿಕದ ಸಮುದಾಯ ಒಕ್ಕೂಟಗಳು ಮತ್ತು ಗಡಿನಾಡಿನ ಶಾಲೆ

ಪ್ರತಿ ವರ್ಷ ಜೂನ್ 26ರಂದು, ಮಾದಕ ವಸ್ತುಗಳ ದುರ್ಬಳಕೆ ಮತ್ತು ಅಕ್ರಮ ಸಾಗಣೆಯ ವಿರುದ್ಧದ ಅಂತಾರಾಷ್ಟ್ರೀಯ ದಿನದ ಅಂಗವಾಗಿ, ಶಾಲೆಯ ಅಂಗಳದಲ್ಲಿ ಪ್ರತಿಜ್ಞಾವಿಧಿ ನಡೆಯುತ್ತದೆ. ಫಲಕ ಹಿಡಿದ ಮಕ್ಕಳು ಊರಿನ ಮುಖ್ಯ ಬೀದಿಯಲ್ಲಿ ಜಾಥಾ ಹೋಗಿ ಬರುತ್ತಾರೆ. ಚಿತ್ರಕಲಾ ಸ್ಪರ್ಧೆ, ಅಧಿಕಾರಿಯೊಬ್ಬರ ಭಾಷಣ, ಮೇಲಿನ ಕಚೇರಿಗೆ ಕಳುಹಿಸಬೇಕಾದ ವರದಿ ಮತ್ತು ಭಾವಚಿತ್ರ, ಇಷ್ಟರಲ್ಲಿ ದಿನ ಮುಗಿಯುತ್ತದೆ. ಜಾಥಾ ಹಾದುಹೋದ ಬೀದಿಯ ಗೂಡಂಗಡಿಯಲ್ಲಿ ತಂಬಾಕಿನ ಪೊಟ್ಟಣಗಳು ಮರುದಿನವೂ ಸಿಗುತ್ತಿರುತ್ತವೆ. ಇದರಲ್ಲಿ ಶಿಕ್ಷಕರ ಲೋಪವೇನೂ ಇಲ್ಲ. ಸುತ್ತೋಲೆ ಕೇಳಿದ್ದು ಒಂದು ದಿನದ ಕಾರ್ಯಕ್ರಮವನ್ನು. ಶಾಲೆ ಕೊಟ್ಟದ್ದೂ ಅದನ್ನೇ.

ಮಕ್ಕಳು ಅಮಲಿನ ಹಾದಿ ಹಿಡಿಯದಂತೆ ತಡೆಯಲು ಸರ್ಕಾರವು ಹಣ ವೆಚ್ಚ ಮಾಡುವುದಾದರೆ, ಅದನ್ನು ಯಾರ ಕೈಗೆ, ಯಾವ ಕೆಲಸಕ್ಕೆ, ಯಾವ ಷರತ್ತಿನ ಮೇಲೆ ಕೊಡಬೇಕು? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1997ರಿಂದ ಒಂದು ಉತ್ತರ ರೂಪುಗೊಳ್ಳುತ್ತ ಬಂದಿದೆ. ಆ ಯೋಜನೆಯನ್ನು ಇಲ್ಲಿ ಹಾಗೆಯೇ ನಕಲು ಮಾಡಲು ಬರುವುದಿಲ್ಲ. ಆದರೆ ಅದರ ಕಟ್ಟುಪಾಡುಗಳ ಹಿಂದಿರುವ ಆಲೋಚನೆಯನ್ನು ಗಡಿನಾಡಿನ ಕನ್ನಡ ಶಾಲೆಯ ಶಿಕ್ಷಕರು ಅರಿತಿರುವುದು ಉಪಯುಕ್ತ. ಏಕೆಂದರೆ ಅಲ್ಲಿಯ ಅನುಭವದ ಒಂದು ಮುಖ್ಯ ಭಾಗ ರಾಜ್ಯಗಳ ಗಡಿಗೆ ಸಂಬಂಧಿಸಿದ್ದು.

ಉಪದೇಶಕ್ಕೆ ಸುರಿದ ಹಣ

1983ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಇಲಾಖೆಯೂ ಶಾಲಾ ಆಡಳಿತವೂ ಸೇರಿ 'ಡೇರ್' ಎಂಬ ಹೆಸರಿನ ಕಾರ್ಯಕ್ರಮವನ್ನು ಆರಂಭಿಸಿದವು. ಸಮವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿಯೊಬ್ಬರು ತರಗತಿಗೆ ಬಂದು, ವಾರಕ್ಕೊಂದು ಪಾಠದಂತೆ, ಮಾದಕ ವಸ್ತುಗಳ ಕೆಡುಕನ್ನೂ 'ಬೇಡ' ಎನ್ನುವ ಬಗೆಯನ್ನೂ ಕಲಿಸುವುದು ಅದರ ಕ್ರಮ. ಪೋಷಕರಿಗೆ ಅದು ಹಿಡಿಸಿತು, ಪೊಲೀಸರಿಗೆ ಹಿಡಿಸಿತು, ಶಾಲೆಗಳಿಗೂ ಹಿಡಿಸಿತು. ಕೆಲವೇ ವರ್ಷಗಳಲ್ಲಿ ದೇಶದ ಬಹುಪಾಲು ಕಡೆಗೆ ಹಬ್ಬಿತು. ಆದರೆ ಪಾಠ ಕೇಳಿದ ಮಕ್ಕಳನ್ನು ಕೇಳದ ಮಕ್ಕಳೊಂದಿಗೆ ವರ್ಷಗಟ್ಟಲೆ ಹೋಲಿಸಿ ನೋಡಿದ ಅಧ್ಯಯನಗಳು ಬೇರೆಯೇ ಮಾತನ್ನು ಹೇಳಿದವು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2003ರಲ್ಲಿ ಅಂತಹ ದೀರ್ಘಕಾಲಿಕ ಅಧ್ಯಯನಗಳನ್ನು ಪರಿಶೀಲಿಸಿ, ಮಾದಕ ವಸ್ತು ಸೇವನೆಯ ವಿಷಯದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು ತಿಳಿಸಿತು. ಆ ಕಾರ್ಯಕ್ರಮದ ಪಠ್ಯವು ಮುಂದೆ ಬದಲಾಯಿತೆಂಬುದನ್ನೂ ಹೇಳಬೇಕು.

ಇನ್ನೊಂದು ಉದಾಹರಣೆ ಇದಕ್ಕಿಂತ ದುಬಾರಿಯದು. 1998ರಿಂದ 2004ರವರೆಗೆ ಅಲ್ಲಿನ ಕೇಂದ್ರ ಸರ್ಕಾರವು ಹದಿಹರೆಯದವರನ್ನು ಗಾಂಜಾದಿಂದ ದೂರವಿಡಲು ದೂರದರ್ಶನ, ಬಾನುಲಿ, ಪತ್ರಿಕೆಗಳಲ್ಲಿ ಬೃಹತ್ ಪ್ರಚಾರಾಂದೋಲನ ನಡೆಸಿತು. ಅದಕ್ಕೆ ಮಂಜೂರಾದ ಮೊತ್ತ ಸುಮಾರು 100 ಕೋಟಿ ಡಾಲರ್. ಆ ಆಂದೋಲನದ ಮೌಲ್ಯಮಾಪನಕ್ಕಾಗಿ ಸರ್ಕಾರವೇ ಏರ್ಪಡಿಸಿದ್ದ ಅಧ್ಯಯನದಲ್ಲಿ ಸೇವನೆ ಕಡಿಮೆಯಾದ ಸುಳಿವು ಸಿಗಲಿಲ್ಲ. ಬದಲಿಗೆ, ಜಾಹೀರಾತುಗಳನ್ನು ಹೆಚ್ಚು ಕಂಡ ಕೆಲವು ಮಕ್ಕಳಲ್ಲಿ ವಿಪರೀತ ಪರಿಣಾಮದ ಲಕ್ಷಣಗಳು ತೋರಿದವು. 'ಇಷ್ಟೊಂದು ಎಚ್ಚರಿಸುತ್ತಿದ್ದಾರೆಂದರೆ ಎಲ್ಲರೂ ಸೇದುತ್ತಿರಬೇಕು' ಎಂದು ಮಕ್ಕಳು ಊಹಿಸಿಕೊಂಡಿರಬಹುದೆಂಬುದು ಅಧ್ಯಯನಕಾರರು ಸೂಚಿಸಿದ ಕಾರಣಗಳಲ್ಲೊಂದು. 'ಈಗಿನ ಹುಡುಗರೆಲ್ಲ ಕೆಟ್ಟುಹೋಗಿದ್ದಾರೆ' ಎಂದು ಪ್ರಾರ್ಥನಾ ಸಭೆಯಲ್ಲಿ ಗದರುವವರು ಈ ಒಂದು ಅಂಶವನ್ನು ನೆನಪಿಟ್ಟುಕೊಂಡರೂ ಸಾಕು.

ಯೋಜನೆಯ ಕಟ್ಟು

ಇದೇ ಕಾಲದಲ್ಲಿ, ಇದಕ್ಕಿಂತ ಬಹಳ ಸಣ್ಣ ಮೊತ್ತದೊಂದಿಗೆ, ಇನ್ನೊಂದು ಯೋಜನೆ ಹುಟ್ಟಿತು. ಎರಡೂ ಪಕ್ಷಗಳ ಪ್ರತಿನಿಧಿಗಳು, ಓಹಾಯೋದ ರಾಬ್ ಪೋರ್ಟ್‌ಮನ್ ಮತ್ತು ಮಿಷಿಗನ್ನಿನ ಸ್ಯಾಂಡರ್ ಲೆವಿನ್, ಸೇರಿ ಮಂಡಿಸಿದ ಮಸೂದೆಗೆ 1997ರ ಜೂನ್ 27ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಅಂಕಿತ ಹಾಕಿದರು. 'ಡ್ರಗ್-ಫ್ರೀ ಕಮ್ಯುನಿಟೀಸ್', ಅಂದರೆ ಮಾದಕಮುಕ್ತ ಸಮುದಾಯಗಳು, ಎಂಬುದು ಅದರ ಹೆಸರು. ಮೊದಲ ವರ್ಷಕ್ಕೆ ಕಾನೂನು ಅನುಮತಿಸಿದ್ದು 1 ಕೋಟಿ ಡಾಲರ್. ಇತ್ತೀಚಿನ ವರ್ಷಗಳಲ್ಲಿ ಅದು 10 ಕೋಟಿ ಡಾಲರನ್ನು ಮೀರಿ, ದೇಶದಾದ್ಯಂತ 700ಕ್ಕಿಂತ ಹೆಚ್ಚು ಒಕ್ಕೂಟಗಳಿಗೆ ಹಂಚಿಕೆಯಾಗಿದೆ. ಯೋಜನೆಯ ಹೊಣೆ ಶ್ವೇತಭವನದ ಮಾದಕ ವಸ್ತು ನಿಯಂತ್ರಣ ನೀತಿ ಕಚೇರಿಯದು. ದಿನನಿತ್ಯದ ನಿರ್ವಹಣೆಯನ್ನು 2020ರಿಂದ ರೋಗ ನಿಯಂತ್ರಣ ಕೇಂದ್ರವಾದ ಸಿ.ಡಿ.ಸಿ. ನೋಡಿಕೊಳ್ಳತೊಡಗಿತು.

ಒಂದು ಒಕ್ಕೂಟಕ್ಕೆ ವರ್ಷಕ್ಕೆ ಸಿಗುವ ಗರಿಷ್ಠ ಮೊತ್ತ 1,25,000 ಡಾಲರ್, ಅಂದರೆ ಸುಮಾರು ಒಂದು ಕೋಟಿ ರೂಪಾಯಿ. ಕೇಳಲು ದೊಡ್ಡದು, ಆದರೆ ಆ ದೇಶದ ಸಂಬಳ ಸಾರಿಗೆಗಳ ಲೆಕ್ಕದಲ್ಲಿ ಅದು ಒಬ್ಬಿಬ್ಬರು ಸಿಬ್ಬಂದಿಯನ್ನು ಇಟ್ಟುಕೊಂಡು ಸಣ್ಣ ಕಚೇರಿಯೊಂದನ್ನು ನಡೆಸುವಷ್ಟು ಹಣ ಮಾತ್ರ. ಯೋಜನೆಯ ಉದ್ದೇಶವೂ ಅದೇ. ಈ ಹಣ ವ್ಯಸನಿಗಳ ಚಿಕಿತ್ಸೆಗೆ ಅಲ್ಲ, ಕಟ್ಟಡಕ್ಕೂ ಅಲ್ಲ. ಊರಿನ ಬೇರೆ ಬೇರೆ ಜನರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಅವರು ಒಪ್ಪಿಕೊಂಡ ಕೆಲಸವನ್ನು ಮುಂದಿನ ಸಭೆಯೊಳಗೆ ಮಾಡಿದರೋ ಇಲ್ಲವೋ ಎಂದು ಬೆನ್ನು ಹತ್ತುವ ಒಬ್ಬ ವ್ಯಕ್ತಿಗೆ ಸಂಬಳ ಕೊಡುವುದು ಇದರ ದೊಡ್ಡ ಬಾಬತ್ತು. ಸಮಿತಿಗಳಲ್ಲಿ ಕೆಲಸ ಮಾಡಿದ ಶಿಕ್ಷಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮಿತಿ ಸಾಯುವುದು ಸಾಮಾನ್ಯವಾಗಿ ವಿರೋಧದಿಂದಲ್ಲ, ಎರಡನೆಯ ಸಭೆಗೆ ಕರೆಯುವವರಿಲ್ಲದೆ.

ಅನುದಾನ ಬೇಡುವ ಒಕ್ಕೂಟವು ಅರ್ಜಿಗೆ ಕನಿಷ್ಠ ಆರು ತಿಂಗಳು ಮೊದಲೇ ಅಸ್ತಿತ್ವದಲ್ಲಿದ್ದು ಕೆಲಸ ಮಾಡುತ್ತಿರಬೇಕು. ಹಣಕ್ಕಾಗಿ ರಾತ್ರೋರಾತ್ರಿ ಹುಟ್ಟಿದ ಸಂಘಕ್ಕೆ ಜಾಗವಿಲ್ಲ. ಅದರಲ್ಲಿ ಹನ್ನೆರಡು ವಲಯಗಳ ಪ್ರತಿನಿಧಿಗಳು ಇರಲೇಬೇಕು: ಹದಿನೆಂಟು ವರ್ಷದೊಳಗಿನ ಯುವಜನರು, ಪೋಷಕರು, ವ್ಯಾಪಾರಸ್ಥರು, ಮಾಧ್ಯಮದವರು, ಶಾಲೆ, ಯುವಜನರಿಗಾಗಿ ದುಡಿಯುವ ಸಂಸ್ಥೆ, ಪೊಲೀಸರು, ಧಾರ್ಮಿಕ ಸಂಸ್ಥೆ, ನಾಗರಿಕ ಅಥವಾ ಸ್ವಯಂಸೇವಾ ಸಂಘ, ಆರೋಗ್ಯ ವೃತ್ತಿಯವರು, ಈ ಕ್ಷೇತ್ರದ ಅರಿವುಳ್ಳ ಸರ್ಕಾರಿ ಇಲಾಖೆ, ಮತ್ತು ಮಾದಕ ವಸ್ತು ತಡೆಯಲ್ಲಿ ತೊಡಗಿರುವ ಇನ್ನೊಂದು ಸಂಸ್ಥೆ. ಒಬ್ಬ ವ್ಯಕ್ತಿ ಒಂದು ವಲಯವನ್ನು ಮಾತ್ರ ಪ್ರತಿನಿಧಿಸಬಹುದು. ಮುಖ್ಯೋಪಾಧ್ಯಾಯರು ಪೋಷಕರೂ ಆಗಿದ್ದರೆ ಎರಡು ಕುರ್ಚಿಗಳ ಲೆಕ್ಕಕ್ಕೆ ಬರುವುದಿಲ್ಲ. ಅವವೇ ನಾಲ್ಕು ಮುಖಗಳು ಎಲ್ಲ ಸಮಿತಿಗಳಲ್ಲೂ ಕಾಣಿಸಿಕೊಳ್ಳುವ ಊರುಗಳನ್ನು ಬಲ್ಲವರಿಗೆ ಈ ನಿಯಮದ ಬೆಲೆ ತಿಳಿಯುತ್ತದೆ.

ಇನ್ನು ವಂತಿಗೆಯ ಷರತ್ತು. ಕೇಂದ್ರ ಸರ್ಕಾರ ಕೊಡುವ ಪ್ರತಿ ಡಾಲರಿಗೂ ಊರು ಕನಿಷ್ಠ ಒಂದು ಡಾಲರಿನಷ್ಟನ್ನು ಕೇಂದ್ರದ ನಿಧಿಯಲ್ಲದ ಮೂಲದಿಂದ ಹೊಂದಿಸಬೇಕು. ಅದು ನಗದೇ ಆಗಬೇಕೆಂದಿಲ್ಲ. ಚರ್ಚು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಸಭಾಂಗಣ, ಪತ್ರಿಕೆ ಉಚಿತವಾಗಿ ಕೊಟ್ಟ ಜಾಗ, ನಿವೃತ್ತ ದಾದಿಯೊಬ್ಬರು ದುಡಿದ ಗಂಟೆಗಳು, ಎಲ್ಲಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯಬಹುದು. ಒಕ್ಕೂಟವೊಂದಕ್ಕೆ ಐದು ವರ್ಷಗಳ ಎರಡು ಅವಧಿ, ಒಟ್ಟು ಹತ್ತು ವರ್ಷ ಮಾತ್ರ ಅನುದಾನ ಸಿಗುತ್ತದೆ. ಏಳು ಮತ್ತು ಎಂಟನೆಯ ವರ್ಷಗಳಲ್ಲಿ ವಂತಿಗೆಯ ಪ್ರಮಾಣ ಶೇಕಡ 125ಕ್ಕೂ ಕೊನೆಯ ಎರಡು ವರ್ಷಗಳಲ್ಲಿ ಶೇಕಡ 150ಕ್ಕೂ ಏರುತ್ತದೆ. ಸರ್ಕಾರ ಮೆಲ್ಲಮೆಲ್ಲನೆ ಕೈ ಬಿಡುತ್ತದೆ. ಊರು ತನ್ನ ಕಾಲ ಮೇಲೆ ನಿಲ್ಲಬೇಕು.

ಈ ಷರತ್ತಿಗೆ ಇನ್ನೊಂದು ಮುಖವೂ ಇದೆ. ಸಭಾಂಗಣ, ಪತ್ರಿಕೆ, ಬಿಡುವುಳ್ಳ ನಿವೃತ್ತರು ಇರುವ ಊರು ವಂತಿಗೆಯನ್ನು ಸುಲಭವಾಗಿ ತೋರಿಸುತ್ತದೆ; ಎರಡು ಪಾಳಿಗಳಲ್ಲಿ ದುಡಿಯುವವರ ಬಡ ಊರು ತೋರಿಸಲಾರದು. ನೆರವಿನ ಅಗತ್ಯ ಹೆಚ್ಚಿರುವಲ್ಲಿ ನೆರವು ತಲುಪದಿರುವ ಅಪಾಯ ಈ ಬಗೆಯ ಎಲ್ಲ ಅನುದಾನಗಳಿಗೂ ಅಂಟಿಕೊಂಡದ್ದು. ಮೂಲನಿವಾಸಿ ಬುಡಕಟ್ಟುಗಳ ನೆಲೆಗಳಲ್ಲಿ ಕೆಲಸ ಮಾಡುವ ಒಕ್ಕೂಟಗಳಿಗೆ ಕಾನೂನು ಇಲ್ಲಿ ಸ್ವಲ್ಪ ಸಡಿಲಿಕೆ ಕೊಟ್ಟಿದೆ. ಉಳಿದ ಬಡ ಊರುಗಳಿಗೆ ಅದೂ ಇಲ್ಲ.

ನಾಲ್ಕು ಪ್ರಶ್ನೆಗಳು

ಅನುದಾನ ಪಡೆದ ಒಕ್ಕೂಟವು ಎಷ್ಟು ಜಾಥಾ ನಡೆಸಿತು, ಎಷ್ಟು ಕರಪತ್ರ ಹಂಚಿತು ಎಂಬುದರಿಂದಲೇ ಅದರ ಯಶಸ್ಸನ್ನು ಅಳೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಊರಿನ ಶಾಲಾ ಮಕ್ಕಳಿಂದ ಹೆಸರಿಲ್ಲದ ಸಮೀಕ್ಷೆಯ ಮೂಲಕ ನಾಲ್ಕು ಸಂಗತಿಗಳನ್ನು ತಿಳಿದು ವರದಿ ಮಾಡಬೇಕು. ಕಳೆದ 30 ದಿನಗಳಲ್ಲಿ ಮದ್ಯ, ತಂಬಾಕು, ಗಾಂಜಾ, ವೈದ್ಯರು ಬರೆದುಕೊಡದ ಔಷಧ, ಇವುಗಳಲ್ಲಿ ಯಾವುದನ್ನಾದರೂ ಬಳಸಿದ್ದುಂಟೆ? ಅದರಿಂದ ಎಷ್ಟು ಅಪಾಯವಿದೆಯೆಂದು ಮಗು ಭಾವಿಸುತ್ತದೆ? ತಾನು ಬಳಸಿದರೆ ಮನೆಯ ಹಿರಿಯರು ಎಷ್ಟರಮಟ್ಟಿಗೆ ತಪ್ಪೆಂದು ತಿಳಿಯುತ್ತಾರೆ? ಗೆಳೆಯರು ಎಷ್ಟರಮಟ್ಟಿಗೆ?

ಮೊದಲ ಪ್ರಶ್ನೆ ನಡತೆಯನ್ನು ಕೇಳಿದರೆ ಉಳಿದ ಮೂರು ಆ ನಡತೆಗೆ ಮುನ್ನ ಮನಸ್ಸಿನಲ್ಲಿ ನಡೆಯುವುದನ್ನು ಕೇಳುತ್ತವೆ. ಮೂರನೆಯದರಲ್ಲಿ ಒಂದು ಸೂಕ್ಷ್ಮವಿದೆ. ಅದು ಪೋಷಕರ ಅಭಿಪ್ರಾಯವನ್ನು ಕೇಳುತ್ತಿಲ್ಲ. ಆ ಅಭಿಪ್ರಾಯ ಮಗುವಿಗೆ ತಲುಪಿದೆಯೇ ಎಂದು ಕೇಳುತ್ತಿದೆ. ಮಗ ಸಿಗರೇಟು ಸೇದಬಾರದೆಂದು ಬಯಸದ ತಂದೆ ಇರಲಿಕ್ಕಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದ ತಂದೆಯರೆಷ್ಟು? ಹದಿಹರೆಯದ ಹುಡುಗನು ಹೇಳದ ಮಾತನ್ನು ಒಪ್ಪಿಗೆಯೆಂದೇ ಎಣಿಸುತ್ತಾನೆ.

ಕೆಲಸದ ಬಗೆಗಳನ್ನು ಒಕ್ಕೂಟಗಳ ತರಬೇತಿಯಲ್ಲಿ ಏಳಾಗಿ ವಿಂಗಡಿಸುವ ರೂಢಿಯಿದೆ. ಮೊದಲ ಮೂರು, ಅಂದರೆ ಮಾಹಿತಿ ಕೊಡುವುದು, ಕೌಶಲ ಕಲಿಸುವುದು, ಆಸರೆ ಒದಗಿಸುವುದು, ಒಬ್ಬೊಬ್ಬ ವ್ಯಕ್ತಿಯನ್ನು ಗುರಿಯಾಗಿಟ್ಟುಕೊಂಡವು. ಉಳಿದ ನಾಲ್ಕು ಪರಿಸರವನ್ನು ಬದಲಿಸುವಂಥವು: ವಸ್ತು ಸುಲಭವಾಗಿ ಸಿಗದಂತೆ ಮಾಡುವುದು, ಒಳ್ಳೆಯದಕ್ಕೆ ಮೆಚ್ಚುಗೆ ಮತ್ತು ತಪ್ಪಿಗೆ ಪರಿಣಾಮ ಇರುವಂತೆ ನೋಡಿಕೊಳ್ಳುವುದು, ಜಾಗದ ರೂಪವನ್ನೇ ಬದಲಿಸುವುದು, ನಿಯಮ ಮತ್ತು ಕಾನೂನನ್ನು ತಿದ್ದುವುದು. ಜೂನ್ 26ರ ಕಾರ್ಯಕ್ರಮಗಳೆಲ್ಲ ಈ ಏಳರಲ್ಲಿ ಮೊದಲನೆಯ ಒಂದರೊಳಗೇ ಅಡಗುತ್ತವೆ. ಅಮೆರಿಕದ ಒಕ್ಕೂಟಗಳ ಹೆಚ್ಚು ಫಲದಾಯಕ ಕೆಲಸಗಳು ಕೊನೆಯ ನಾಲ್ಕರಲ್ಲಿ ಕಾಣಸಿಗುತ್ತವೆ. ಮನೆಯಲ್ಲಿ ಉಳಿದ ನೋವಿನ ಮಾತ್ರೆಗಳು ಹುಡುಗರ ಕೈಗೆ ಸಿಗದಂತೆ ಅವನ್ನು ಹಿಂದಿರುಗಿಸುವ ಪೆಟ್ಟಿಗೆಯನ್ನು ಪೊಲೀಸ್ ಠಾಣೆಯಲ್ಲಿ ಇರಿಸುವುದು, ಅಂಗಡಿಯವರು ವಯಸ್ಸಿನ ಗುರುತುಚೀಟಿ ಕೇಳುತ್ತಾರೆಯೇ ಎಂದು ಪರೀಕ್ಷಿಸುವುದು, ತಮ್ಮ ಮನೆಯಲ್ಲಿ ಅಪ್ರಾಪ್ತರ ಮದ್ಯಗೋಷ್ಠಿಗೆ ಅವಕಾಶ ಕೊಟ್ಟ ಹಿರಿಯರನ್ನು ಹೊಣೆ ಮಾಡುವ ಪುರಸಭಾ ನಿಯಮ ತರುವುದು, ಕತ್ತಲೆಯ ಉದ್ಯಾನಕ್ಕೆ ದೀಪ ಹಾಕಿಸುವುದು, ಇಂಥವು. ಯಾವುದೂ ಭಾಷಣವಲ್ಲ.

ಇದರಿಂದ ಫಲ ಸಿಕ್ಕಿತೇ? ಯೋಜನೆಯ ಸ್ವಂತ ವರದಿಗಳು ಒಕ್ಕೂಟಗಳಿರುವ ಊರುಗಳಲ್ಲಿ ಸೇವನೆ ಇಳಿದುದನ್ನು ತೋರಿಸುತ್ತವೆ. ಆದರೆ ಅದೇ ವರ್ಷಗಳಲ್ಲಿ ದೇಶದಾದ್ಯಂತ ಹದಿಹರೆಯದವರ ಮದ್ಯ ಮತ್ತು ಸಿಗರೇಟು ಸೇವನೆ ಇಳಿಯುತ್ತಿತ್ತು. ಊರುಗಳನ್ನು ಚೀಟಿ ಎತ್ತಿ ಆರಿಸಿದ ಪ್ರಯೋಗವೂ ಅದಾಗಿರಲಿಲ್ಲ. ಆದ್ದರಿಂದ ಆ ಇಳಿಕೆಯ ಎಷ್ಟು ಪಾಲು ಒಕ್ಕೂಟದ ದುಡಿಮೆಯದೆಂದು ಬಿಡಿಸಿ ಹೇಳುವುದು ಕಷ್ಟ. ಹೆಚ್ಚು ಗಟ್ಟಿಯಾದ ಪುರಾವೆ ಬಂದಿರುವುದು ಇದರ ಸೋದರಿಯಂತಿರುವ ಇನ್ನೊಂದು ಪದ್ಧತಿಯಿಂದ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ಹಾಕಿನ್ಸ್ ಮತ್ತು ರಿಚರ್ಡ್ ಕ್ಯಾಟಲಾನೊ ರೂಪಿಸಿದ 'ಕಮ್ಯುನಿಟೀಸ್ ದಟ್ ಕೇರ್' ಎಂಬ ಪದ್ಧತಿಯನ್ನು 2003ರಿಂದ ಏಳು ರಾಜ್ಯಗಳ 24 ಸಣ್ಣ ಊರುಗಳಲ್ಲಿ ಪ್ರಯೋಗಕ್ಕೆ ಒಳಪಡಿಸಲಾಯಿತು. ಹನ್ನೆರಡು ಊರುಗಳಲ್ಲಿ ಒಕ್ಕೂಟ ಕಟ್ಟಲಾಯಿತು, ಹನ್ನೆರಡರಲ್ಲಿ ಇಲ್ಲ. ಯಾವುದು ಯಾವ ಗುಂಪಿಗೆ ಎಂಬುದು ಆಕಸ್ಮಿಕ ಆಯ್ಕೆ. ಐದನೆಯ ತರಗತಿಯಿಂದ ಹಿಂಬಾಲಿಸಿದ ಮಕ್ಕಳು ಎಂಟನೆಯ ತರಗತಿ ತಲುಪುವ ವೇಳೆಗೆ, ಒಕ್ಕೂಟವಿದ್ದ ಊರುಗಳಲ್ಲಿ ಹೊಸದಾಗಿ ಮದ್ಯ ಮುಟ್ಟುವ ಸಂಭವ ಶೇಕಡ 32ರಷ್ಟೂ ಸಿಗರೇಟು ಹಿಡಿಯುವ ಸಂಭವ ಶೇಕಡ 33ರಷ್ಟೂ ಕಡಿಮೆಯಿತ್ತು. ಹನ್ನೆರಡನೆಯ ತರಗತಿಯ ಹೊತ್ತಿಗೆ ಅಲ್ಲಿಯ ಹೆಚ್ಚು ಮಕ್ಕಳು ಇನ್ನೂ ಅಮಲಿನಿಂದ ಪೂರ್ತಿ ದೂರವಿದ್ದರಾದರೂ, ಆಯಾ ತಿಂಗಳ ಸೇವನೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಒಕ್ಕೂಟದ ಮುಖ್ಯ ಸಾಧನೆ ಮೊದಲ ಸಲದ ಸೇವನೆಯನ್ನು ತಡೆಯುವುದು ಅಥವಾ ಮುಂದೂಡುವುದು. ಮಿದುಳು ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ ಅಷ್ಟು ಮುಂದೂಡಿಕೆಯೂ ಸಣ್ಣದಲ್ಲ.

ಗಡಿಯೆಂಬ ಬಾಗಿಲು

ಪರಿಸರವನ್ನು ಬದಲಿಸುವ ಕೆಲಸಕ್ಕೆ ಕಾನೂನಿನ ಆಸರೆ ಬೇಕು. ಕಾನೂನು ಊರಿನ ಒಂದು ಬದಿಯಲ್ಲಿ ಒಂದು, ಇನ್ನೊಂದು ಬದಿಯಲ್ಲಿ ಇನ್ನೊಂದು ಆದಾಗ ಏನಾಗುತ್ತದೆಂಬುದನ್ನು ಅಮೆರಿಕವು ದುಬಾರಿ ಬೆಲೆ ತೆತ್ತು ಕಲಿಯಿತು. 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದ ಬಳಿಕ ಹಲವು ರಾಜ್ಯಗಳು ಮದ್ಯ ಕೊಳ್ಳುವ ವಯಸ್ಸನ್ನೂ 21ರಿಂದ 18ಕ್ಕೋ 19ಕ್ಕೋ ಇಳಿಸಿದವು, ಕೆಲವು ಇಳಿಸಲಿಲ್ಲ. 21ರ ನಿಯಮವಿದ್ದ ರಾಜ್ಯದ ಹುಡುಗರು ಸಂಜೆ ಕಾರು ಹತ್ತಿ ಗಡಿ ದಾಟಿ ಕುಡಿದು, ರಾತ್ರಿ ಅದೇ ಕಾರಿನಲ್ಲಿ ಮರಳುವಾಗ ಅಪಘಾತಗಳಲ್ಲಿ ಸತ್ತರು. ಅಂತಹ ಗಡಿಗಳಿಗೆ 'ರಕ್ತದ ಗಡಿಗಳು' ಎಂಬ ಹೆಸರೇ ಬಿತ್ತು. 1984ರ ಜುಲೈಯಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾನೂನು ಇದಕ್ಕೆ ಹಣದ ಮೂಲಕವೇ ಪರಿಹಾರ ಹುಡುಕಿತು: ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದ ಒಂದು ಪಾಲು ಕಡಿತ. ದಕ್ಷಿಣ ಡಕೋಟ ರಾಜ್ಯವು ನ್ಯಾಯಾಲಯದ ಮೆಟ್ಟಿಲೇರಿ 1987ರಲ್ಲಿ ಸೋತಿತು. 1988ರಲ್ಲಿ ವಯೋಮಿಂಗ್ ಕೊನೆಯದಾಗಿ ದಾರಿಗೆ ಬಂದಿತು.

ಭಾರತದಲ್ಲಿ ಮದ್ಯವು ರಾಜ್ಯಪಟ್ಟಿಯ ವಿಷಯ. ಕೇರಳದಲ್ಲಿ ಮದ್ಯ ಕೊಳ್ಳುವ ವಯಸ್ಸು 23, ತಮಿಳುನಾಡಿನಲ್ಲಿ 21, ಮಹಾರಾಷ್ಟ್ರದಲ್ಲಿ ಕಠಿಣ ಮದ್ಯಕ್ಕೆ 25, ಗೋವೆಯಲ್ಲಿ 18. ಗುಟ್ಕಾದ ಕತೆಯೂ ಇಂಥದೇ. ಕೇರಳ ಮತ್ತು ಮಹಾರಾಷ್ಟ್ರ 2012ರಲ್ಲಿ ಅದನ್ನು ನಿಷೇಧಿಸಿದವು. ಕರ್ನಾಟಕ ನಿಷೇಧಿಸಿದ್ದು 2013ರಲ್ಲಿ. ನಡುವಿನ ತಿಂಗಳುಗಳಲ್ಲಿ ಕಾಸರಗೋಡಿನ ಬದಿಯಲ್ಲಿ ಅಪರಾಧವಾಗಿದ್ದ ಪೊಟ್ಟಣ ಗಡಿಯಾಚೆಯ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟಕ್ಕಿತ್ತು. ಅಕ್ಕಲಕೋಟೆಯ ಬದಿಯಲ್ಲೂ ಹಾಗೆಯೇ. ಪೇಟೆ, ಸಂತೆ, ನೆಂಟಸ್ತನ, ಕಾಲೇಜು, ಎಲ್ಲಕ್ಕೂ ಗಡಿ ದಾಟುವ ಕನ್ನಡ ಮನೆಗಳ ಮಕ್ಕಳಿಗೆ ಈ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಗಡಿನಾಡಿನ ಯಾವ ಶಾಲೆಯ ತಡೆ ಯೋಜನೆಯೂ ತನ್ನ ರಾಜ್ಯದ ಕಾನೂನನ್ನಷ್ಟೇ ತಿಳಿದಿದ್ದರೆ ಅರ್ಧ ತಿಳಿದಂತೆ.

ಇಲ್ಲಿಯ ಹಣ, ಇಲ್ಲಿಯ ಮೇಜು

ಭಾರತದಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು ಮಾದಕ ವಸ್ತುಗಳ ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ನಡೆಸುತ್ತಿದೆ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ 'ನಶಾ ಮುಕ್ತ ಭಾರತ ಅಭಿಯಾನ' ಬಳಿಕ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಕೇರಳದಲ್ಲಿ ಅಬಕಾರಿ ಇಲಾಖೆಯ 'ವಿಮುಕ್ತಿ' 2016ರಿಂದ ಇದೆ. ಈ ಯೋಜನೆಗಳಲ್ಲಿ ಹಣವು ಮುಖ್ಯವಾಗಿ ರಾಜ್ಯ ಸರ್ಕಾರ, ಜಿಲ್ಲಾಡಳಿತ ಮತ್ತು ಸ್ವಯಂಸೇವಾ ಸಂಸ್ಥೆಗಳ ದಾರಿಯಲ್ಲಿ ಹರಿಯುತ್ತದೆ. ಶಾಲೆಯ ಪಾಲಿಗೆ ಬರುವುದು ಸುತ್ತೋಲೆ. ಅದೂ ಗಡಿನಾಡಿನಲ್ಲಿ ಬಹುಮಟ್ಟಿಗೆ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ. ಜತೆಗೆ ಬರುವ ಕರಪತ್ರವನ್ನು ಕನ್ನಡ ಮಾತ್ರ ಓದಬಲ್ಲ ತಾಯಿಗೆ ಕೊಟ್ಟರೆ ಕೊಟ್ಟಂತಾಗದು. ಹೊಸ ಒಕ್ಕೂಟ ಕಟ್ಟಲು ಪ್ರತ್ಯೇಕ ಅನುದಾನ ಸಿಗದೆಂಬುದು ನಿಜ. ಆದರೆ ಮೇಜು ಈಗಾಗಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ವ್ಯವಸ್ಥಾಪನಾ ಸಮಿತಿಯ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ಹನ್ನೆರಡು ಕುರ್ಚಿಗಳಲ್ಲಿ ಕೆಲವು ಅಲ್ಲಿಯೇ ತುಂಬಿವೆ. ಉಳಿದವಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ, ಗ್ರಾಮ ಪಂಚಾಯಿತಿ ಸದಸ್ಯರು, ಠಾಣೆಯ ಸಿಬ್ಬಂದಿ, ದೇವಸ್ಥಾನ ಮಸೀದಿ ಚರ್ಚುಗಳ ಹಿರಿಯರು, ಯುವಕ ಸಂಘ ಅಥವಾ ಕನ್ನಡ ಸಂಘದವರು, ಸ್ಥಳೀಯ ಪತ್ರಿಕೆಯ ವರದಿಗಾರರು ಇದ್ದಾರೆ.

ಮರೆತುಹೋಗುವ ಕುರ್ಚಿ ವ್ಯಾಪಾರಸ್ಥರದು. ಸಭೆಗಳಲ್ಲಿ ಅವರನ್ನು ಕಟಕಟೆಯಲ್ಲಿ ನಿಲ್ಲಿಸುವ ಅಭ್ಯಾಸವೇ ಹೆಚ್ಚು. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮೂಸಿ ಅಮಲೇರಿಸಿಕೊಳ್ಳುವ ವಸ್ತುಗಳ ಬಳಕೆ ವಯಸ್ಕರಲ್ಲಿ ಶೇಕಡ 0.58 ಇದ್ದರೆ, 10ರಿಂದ 17 ವರ್ಷದವರಲ್ಲಿ ಶೇಕಡ 1.17 ಇತ್ತು. ಹಿರಿಯರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡುಬಂದ ಅಮಲು ಇದು. ವಸ್ತು ಯಾವುದು? ವೈಟ್‌ನರ್, ಪಂಕ್ಚರ್ ಅಂಟು, ಥಿನ್ನರ್. ಸಿಗುವುದು ಪುಸ್ತಕದಂಗಡಿಯಲ್ಲಿ, ಸೈಕಲ್ ಅಂಗಡಿಯಲ್ಲಿ. ಒಬ್ಬನೇ ಹುಡುಗ ವಾರಕ್ಕೆ ಮೂರು ಸಲ ವೈಟ್‌ನರ್ ಕೊಳ್ಳಲು ಬಂದುದು ಮೊದಲು ಗೊತ್ತಾಗುವುದು ಅಂಗಡಿಯವನಿಗೆ, ಶಿಕ್ಷಕರಿಗಲ್ಲ. ಅವನು ಸಮಿತಿಯ ಸದಸ್ಯನಾಗಿದ್ದರೆ ಆ ಮಾತು ಶಾಲೆಗೆ ಬರುತ್ತದೆ; ಆರೋಪಿಯಾಗಿದ್ದರೆ ಬರುವುದಿಲ್ಲ.

ಕಾನೂನಿನ ಎರಡು ಅಂಶಗಳನ್ನು ಸಮಿತಿ ತಿಳಿದಿರಬೇಕು. 2003ರ ತಂಬಾಕು ನಿಯಂತ್ರಣ ಕಾಯಿದೆಯ 6ನೆಯ ಕಲಮಿನಂತೆ ಹದಿನೆಂಟು ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ, ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ. ನೂರು ಗಜವೆಂದರೆ 91 ಮೀಟರಿಗಿಂತ ಸ್ವಲ್ಪ ಹೆಚ್ಚು. ಏಳನೆಯ ತರಗತಿಯ ಮಕ್ಕಳು ಗಣಿತದ ಚಟುವಟಿಕೆಯಾಗಿ ಟೇಪು ಹಿಡಿದು ಆ ವೃತ್ತವನ್ನು ಗುರುತಿಸಿ ನಕಾಶೆ ಬರೆದರೆ, ಪಂಚಾಯಿತಿಗೆ ಕೊಡುವ ಮನವಿಗೆ ಅದಕ್ಕಿಂತ ಒಳ್ಳೆಯ ಲಗತ್ತು ಬೇರೆ ಬೇಕಿಲ್ಲ. ಮನವಿಯ ಒಂದು ಪ್ರತಿ ಆಡಳಿತದ ಭಾಷೆಯಲ್ಲಿಯೂ ಇರಲಿ. ಅಂಗಡಿಯವರೊಂದಿಗೆ ಮಾತು ಮಾತ್ರ ಅರ್ಜಿ ಹೋಗುವ ಮೊದಲೇ ನಡೆದಿರಲಿ.

ತಂಬಾಕಿನ ಮಾತಿನಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕಾಸರಗೋಡಿನ ಮತ್ತು ಸೊಲ್ಲಾಪುರದ ಎಷ್ಟೋ ಮನೆಗಳಲ್ಲಿ ಮಗುವಿನ ಪುಸ್ತಕದ ಹಣ ಬಂದಿರುವುದು ತಾಯಿ ಸುತ್ತಿದ ಬೀಡಿಯಿಂದ. 'ಬೀಡಿ ವಿಷ' ಎಂದು ಕರಿಹಲಗೆಯ ಮೇಲೆ ಬರೆದು ಪಾಠ ಮುಗಿಸಿದರೆ ಮಗು ಕಲಿಯುವುದು ತಂಬಾಕಿನ ಕೆಡುಕನ್ನಲ್ಲ, ತಾಯಿಯ ದುಡಿಮೆಯ ಬಗೆಗಿನ ನಾಚಿಕೆಯನ್ನು. ಅದರ ಬದಲು ಬೀಡಿ ಸುತ್ತುವ ತಾಯಿಯರನ್ನೇ ಪೋಷಕರ ಕುರ್ಚಿಗೆ ಕರೆಯಬಹುದು. ತಂಬಾಕಿನ ಪುಡಿಯ ನಡುವೆ ದಿನವಿಡೀ ಕೂರುವವರಿಗೆ ಅದರ ಕಾಟವನ್ನು ಯಾರೂ ಕಲಿಸಬೇಕಾಗಿಲ್ಲ. 'ನಾನು ಸುತ್ತುತ್ತೇನೆ, ನೀನು ಸೇದಬೇಡ' ಎಂಬ ತಾಯಿಯ ಒಂದು ಮಾತು, ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ಮೂರನೆಯದಕ್ಕೆ ನೇರ ಉತ್ತರ.

ಸಮೀಕ್ಷೆಯನ್ನು ಇಲ್ಲಿ ಮಾಡಬಹುದೆ? ಮಾಡಬಹುದು, ಆದರೆ ಗಡಿನಾಡಿನ ಕನ್ನಡ ಶಾಲೆಗಳಿಗೆ ತಮ್ಮದೇ ಆದ ತೊಡಕು ಒಂದಿದೆ. ತರಗತಿಯಲ್ಲಿ ಹನ್ನೆರಡು ಮಕ್ಕಳಿರುವಲ್ಲಿ ಹೆಸರು ಬರೆಸದಿದ್ದರೂ ಕೈಬರಹವೇ ಹೆಸರು ಹೇಳುತ್ತದೆ. ಆದ್ದರಿಂದ ಬರೆಯುವ ಉತ್ತರ ಬೇಡ, ಗುರುತು ಹಾಕುವ ಉತ್ತರ ಮಾತ್ರ ಇರಲಿ. ಹುಡುಗ, ಹುಡುಗಿ ಎಂಬ ಅಂಕಣವೂ ಬೇಡ. ಸುತ್ತಲಿನ ಐದಾರು ಶಾಲೆಗಳ ಹಾಳೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬೆರೆಸಿ, ಬೇರೆ ಶಾಲೆಯವರೊಬ್ಬರು ಎಣಿಸಲಿ. ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆ ಮೊದಲೇ ಪಡೆದಿರಬೇಕು. ಒಂದೇ ಒಂದು ಸಲ ಉತ್ತರವನ್ನು ಹಿಡಿದು ಮಗುವೊಂದನ್ನು ವಿಚಾರಿಸಿದರೂ ಮುಂದಿನ ವರ್ಷ ಎಲ್ಲ ಹಾಳೆಗಳಲ್ಲೂ 'ಇಲ್ಲ' ಎಂಬುದೇ ಇರುತ್ತದೆ.

ಸೇವನೆಗೆ ಈಗಾಗಲೇ ತೊಡಗಿದ ಮಗು ಬೇರೆ ದಾರಿಯಿಂದ ಗೊತ್ತಾದಾಗ ವರ್ಗಾವಣೆ ಪತ್ರ ಕೈಗಿಡುವುದು ಶಾಲೆಗೆ ಸುಲಭ, ಮಗುವಿಗೆ ಅತ್ಯಂತ ಅಪಾಯಕರ. ಕನ್ನಡ ಮಾಧ್ಯಮದ ಇನ್ನೊಂದು ಶಾಲೆ ಹತ್ತಿರದಲ್ಲಿಲ್ಲದ ಊರಿನಲ್ಲಿ ಅದು ಓದನ್ನೇ ನಿಲ್ಲಿಸಿದಂತೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತ; ಪೋಷಕರೂ ಶಿಕ್ಷಕರೂ ಕರೆ ಮಾಡಬಹುದು. ಪೋಷಕರಿಗೆ ತಮ್ಮ ಮಾತಿನಲ್ಲಿ ವೈದ್ಯರಿಗೆ ವಿವರಿಸಲು ತೊಡಕಾದರೆ ಶಿಕ್ಷಕರೊಬ್ಬರು ಜತೆಗೆ ಹೋಗುವುದು ಈ ಶಾಲೆಗಳಲ್ಲಿ ಹೆಚ್ಚುವರಿ ಉಪಕಾರವೇನಲ್ಲ, ಕೆಲಸದ ಭಾಗ.

ಸಂಬಳದ ಸಂಚಾಲಕರು ಇಲ್ಲಿ ಇರುವುದಿಲ್ಲವಾದ್ದರಿಂದ ಆ ಹೊಣೆ ಸಾಮಾನ್ಯವಾಗಿ ಶಿಕ್ಷಕರೊಬ್ಬರ ಹೆಗಲೇರುತ್ತದೆ. ಅವರಿಗೆ ವರ್ಗವಾದ ದಿನ ಒಕ್ಕೂಟವೂ ವರ್ಗವಾಗಿಬಿಡುತ್ತದೆ. ಇದನ್ನು ತಪ್ಪಿಸಲು ಸದಸ್ಯರ ಪಟ್ಟಿ, 100 ಗಜದ ನಕಾಶೆ, ಸಮೀಕ್ಷೆಯ ಒಟ್ಟು ಸಂಖ್ಯೆಗಳು, ಕೊಟ್ಟ ಮನವಿಗಳ ಪ್ರತಿ ಮತ್ತು ಅವಕ್ಕೆ ಬಂದ ಉತ್ತರಗಳನ್ನು ಶಾಲಾ ವ್ಯವಸ್ಥಾಪನಾ ಸಮಿತಿಯ ನಡಾವಳಿ ಪುಸ್ತಕದ ಜತೆಯಲ್ಲಿಯೇ ಇರಿಸಬೇಕು. ಸಭೆ ಕರೆಯುವ ಕೆಲಸವನ್ನು ಶಿಕ್ಷಕರಲ್ಲದ ಇನ್ನೊಬ್ಬರಿಗೆ, ಊರಲ್ಲೇ ಉಳಿಯುವ ಪೋಷಕರೊಬ್ಬರಿಗೆ, ಮೊದಲ ವರ್ಷದಿಂದಲೇ ಹಂಚಿಕೊಟ್ಟಿರಬೇಕು.